ಊರಿಗೆ ಯಾವಾಗ ಹೋಗ್ತೀರಿ?

ಟಿಬೆಟಿಯನ್ನರು 'ಕ್ಯಾಂಪು' ಅನ್ನೋ ಹಳ್ಳಿಗಳಲ್ಲಿ ನೆಲೆಸಿರುವ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ ಬಂದು, ಅಲ್ಲೇ ಒಂದು ಅಂಗಡಿಯಲ್ಲಿ ಸ್ವೆಟರ್‌ಗೆ ಚೌಕಾಸಿ ನಡೆಸಿದ್ದೆವು. ನಮ್ಮ ಭಾವನವರ ಬಾಯಿ ಸುಮ್ನಿರಲ್ಲ. ಅಂಗಡಿಯಾಕೆಗೆ ಕೇಳಿಯೇಬಿಟ್ಟರು. "ನೀವು ವಾಪಸ್ ನಿಮ್ಮೂರಿಗೆ ಯಾವಾಗ ಹೋಗ್ತೀರಮ್ಮಾ?"

ಆಕೆ ಸ್ವೆಟರ್ ಮಡಚುತ್ತಲೇ ಹೇಳಿದಳು. "ಆರು ಗಂಟೆಗೆ ಸರ್. ಇಲ್ಲೇ, ಸೆಕೆಂಡ್ ಕ್ಯಾಂಪು."

ನಾಲ್ಕು ದಿನದಿಂದ ಇದೇ ತಲೆಯಲ್ಲಿ ಓಡುತ್ತಿದೆ. ಬೇಕಂತಲೇ ಹಾಗಂದಳಾ? ಅಥವಾ ಪ್ರಶ್ನೆ ಅವಳಿಗೆ ಹಾಗೇ ಕೇಳಿಸಿತಾ? ಮುಖ ನೋಡಿದರೆ ಗೊತ್ತಾಗಲಿಲ್ಲ. ಭಾವನವರಿಗಂತೂ ಯಾವುದೂ ತಾಗಲಿಲ್ಲ. ಕಾರು ಹತ್ತಿದ ಮೇಲೆ, "ಫ್ರೀಯಾಗಿ ಜಮೀನು ಕೊಟ್ಟು ಕೂರಿಸಿದ್ದಾರೆ, ಇನ್ನೇನು ಬೇಕು" ಅಂದರು.

ಕೊಟ್ಟಿದ್ದು ನಿಜ. 1959ರಲ್ಲಿ ದಲೈ ಲಾಮಾ ಹಿಂದೆಯೇ ಸಾವಿರಾರು ಜನ ಗಡಿ ದಾಟಿ ಬಂದರು. ಎಷ್ಟೋ ಜನ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆದರು. ಜಾಗ ಕೊಡಿ ಅಂತ ನೆಹರು ರಾಜ್ಯಗಳನ್ನು ಕೇಳಿದಾಗ, ನಮ್ಮ ಮೈಸೂರು ರಾಜ್ಯ ಇಲ್ಲಿ ಸುಮಾರು 3000 ಎಕರೆ ಬಿಟ್ಟುಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ಕೊಟ್ಟರು. ನನಗೆ ಇದು ಹೆಮ್ಮೆಯೇ. ಆದರೆ ಕೊಟ್ಟಿದ್ದು ಉತ್ತ ಹೊಲ ಅಲ್ಲ, ಕಾಡು. ಬಿದಿರ ಗುಡಿಸಲು ಹಾಕಿಕೊಂಡು, ಆನೆ ಓಡಿಸುತ್ತಾ ಮುಸುಕಿನ ಜೋಳ ಬೆಳೆದವರು ಅವರೇ. ಅದೂ ಗುತ್ತಿಗೆ ಜಮೀನು, ಸ್ವಂತದ್ದಲ್ಲ. ಜೊತೆಗೆ ಆಗಾಗ ಆರ್‌ಸಿ, ಅಂದರೆ ಇಲ್ಲಿ ಇರೋಕೆ ಬೇಕಾದ ನೋಂದಣಿ ಪತ್ರ, ರಿನ್ಯೂ ಮಾಡಿಸೋ ಅಲೆದಾಟ ಬೇರೆ.

ಆಕೆಗೆ ನಲವತ್ತೈದರ ಮೇಲಿರಬೇಕು. ಕನ್ನಡ ಥೇಟ್ ಪಿರಿಯಾಪಟ್ಟಣದ್ದು. ಇಲ್ಲೇ ಹುಟ್ಟಿದ್ದರೆ ಕಾನೂನಿನ ಪ್ರಕಾರ ಆಕೆ ಹುಟ್ಟಿನಿಂದಲೇ ಭಾರತದ ಪ್ರಜೆ, ನಮ್ಮ ಭಾವನವರಷ್ಟೇ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರಿಗೆಲ್ಲ ಆ ಹಕ್ಕಿದೆ. ಅದನ್ನು ಒಪ್ಪಿಸಿ ಪಾಸ್‌ಪೋರ್ಟ್ ಪಡೆಯೋಕೆ ಟಿಬೆಟಿಯನ್ನರು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು! ಅದೇ ಮನೆಯಲ್ಲಿ ಆ ತಾರೀಖು ದಾಟಿದ ಮೇಲೆ ಹುಟ್ಟಿದ ತಮ್ಮನಿಗೆ, ಅಪ್ಪ ಅಮ್ಮ ಇಬ್ಬರೂ ಇಲ್ಲಿನ ಪ್ರಜೆಗಳಲ್ಲದಿದ್ದರೆ, ಅದೂ ಇಲ್ಲ.

ನಮ್ಮಲ್ಲಿ ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೇ ಇಲ್ಲ. 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. ಹಾಗಾಗಿ ಎಲ್ಲವೂ ಆಯಾ ಕಾಲದ ಸರ್ಕಾರದ ಮನಸ್ಸು. ಟಿಬೆಟಿಯನ್ನರಿಗೆ ಹೊಲ ಸಿಕ್ಕಿತು. ಶ್ರೀಲಂಕಾದಿಂದ ಬಂದ ತಮಿಳರಲ್ಲಿ ಸಾವಿರಾರು ಜನ ತಮಿಳುನಾಡಿನ ಕ್ಯಾಂಪುಗಳಲ್ಲೇ ಉಳಿದರು. ಮ್ಯಾನ್ಮಾರ್‌ನಿಂದ ಓಡಿ ಬಂದ ರೋಹಿಂಗ್ಯಾಗಳಿಗೆ ಸಿಕ್ಕಿದ್ದು ಗಡೀಪಾರಿನ ಭಯ. ಓಡಿ ಬಂದವರ ಕಷ್ಟಕ್ಕಿಂತ ಬಂದ ಕಾಲವೇ ಜಾಸ್ತಿ ಲೆಕ್ಕಕ್ಕೆ ಬಂತು, ಅಲ್ವಾ?

ನಿನ್ನೆ ಫೋನಿನಲ್ಲಿ ಭಾವನವರಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಹೌದಾ? ಹಾಗಾದ್ರೆ ಓಟು ಯಾರಿಗೆ ಹಾಕ್ತಾರೆ?" ಅಂದರು.