ಮಂಜಿನ ದೀಪಕ್ಕಾಗಿ ಬಂಪರ್ ಬಿಚ್ಚಿದ್ದು

ಚಿಕ್ಕಮಗಳೂರಿನಲ್ಲಿ ಮನೆ ಮಾಡಿಕೊಂಡು, ಮಳೆಗಾಲದಲ್ಲೂ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕಾದ ನನ್ನಂಥವರಿಗೆ ಫಾಗ್ ಲ್ಯಾಂಪ್ ಅಲಂಕಾರದ ವಸ್ತುವಲ್ಲ. ದಟ್ಟ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಗಾಳಿಯಲ್ಲಿ ತೇಲುವ ನೀರಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ಬಂಪರಿನ ಕೆಳಭಾಗದಲ್ಲಿ ಕೂರುವ ಫಾಗ್ ಲ್ಯಾಂಪ್ ಬೆಳಕನ್ನು ಮೇಲಕ್ಕೆ ಬಿಡದೆ ರಸ್ತೆಯ ಮೇಲೆ ಅಗಲವಾಗಿ ಹರಡುತ್ತದೆ. ನನ್ನ ಹಳೆಯ ಕಾರಿನಲ್ಲಿ ಆ ದೀಪದ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳವಷ್ಟೇ ಇತ್ತು, ಹಿಂದೆ ವೈರಿಂಗ್ ಇರಲಿಲ್ಲ. ಹಾಗಾಗಿ ಬಂಪರ್ ಬಿಚ್ಚದೆ ಕೆಲಸ ಆಗುವಂತಿರಲಿಲ್ಲ.

ಈ ಕೆಲಸವನ್ನು ನಾನೇ ಮಾಡಬೇಕೆಂದು ಹಟ ಹಿಡಿದದ್ದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಗ್ಯಾರೇಜೊಂದರಲ್ಲಿ ಇದೇ ಬಂಪರನ್ನು ಬಿಚ್ಚಿ ಕೂರಿಸಿದ್ದರು. ಅಂದಿನಿಂದ ಬಲಗಡೆಯ ಮೂಲೆ ಚಕ್ರದ ಮೇಲಿನ ಫೆಂಡರಿನಿಂದ ಬೆರಳು ತೂರುವಷ್ಟು ಎದ್ದು ನಿಂತಿತ್ತು. ಕೇಳಿದಾಗ ಹಳೆಯ ಕಾರು ಹಾಗೇ ಇರುತ್ತದೆ ಎಂಬ ಉತ್ತರ ಬಂದಿತ್ತು.

ಭಾನುವಾರ ಬೆಳಿಗ್ಗೆ ಬೇಗ ಎದ್ದರೂ ಬಿಸಿಲು ಏರುವ ತನಕ ಕಾದೆ. ಚಳಿಗೆ ಪ್ಲಾಸ್ಟಿಕ್ ಬಿರುಸಾಗುವುದರಿಂದ ನಮ್ಮೂರಿನ ಬೆಳಗಿನ ತಂಪಿನಲ್ಲಿ ಕ್ಲಿಪ್ಪುಗಳು ಬಾಗುವ ಬದಲು ಮುರಿಯುತ್ತವೆ. ಮೊದಲು ಹತ್ತರ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏರ್‌ಬ್ಯಾಗ್ ಇರುವ ಗಾಡಿಯಾದ್ದರಿಂದ ಹತ್ತು ನಿಮಿಷ ಸುಮ್ಮನೆ ಬಿಟ್ಟೆ. ಬಿಚ್ಚಿದ ಸ್ಕ್ರೂಗಳನ್ನು ಹಾಕಲು ಅಮ್ಮನಿಂದ ಹಳೆಯ ಇಡ್ಲಿ ತಟ್ಟೆಯೊಂದನ್ನು ಕೇಳಿ ಪಡೆದಿದ್ದೆ. ಬಾನೆಟ್ ಕೆಳಗಿನವು ಒಂದು ಗುಳಿಗೆ, ಅಡಿಯವು ಇನ್ನೊಂದಕ್ಕೆ, ಚಕ್ರದ ಕಡೆಯವು ಮತ್ತೆರಡಕ್ಕೆ ಎಂದು ಹಂಚಿದರೆ ಮರಳಿ ಕೂರಿಸುವಾಗ ಗೊಂದಲವೇ ಇರುವುದಿಲ್ಲ.

ಬಾನೆಟ್ ಎತ್ತಿದರೆ ಗ್ರಿಲ್ಲಿನ ಮೇಲಂಚಿನ ಕ್ಲಿಪ್ಪುಗಳು ಕಣ್ಣೆದುರಿಗೇ ಇರುತ್ತವೆ. ನಡುವಿನ ಗುಂಡಿಯನ್ನು ಮೇಲಕ್ಕೆ ಮೀಟಿದರೆ ಸಡಿಲವಾಗುತ್ತವೆ. ಅಡಿಯ ಬೋಲ್ಟುಗಳೂ ತೊಂದರೆ ಕೊಡಲಿಲ್ಲ. ಕಷ್ಟ ಕೊಟ್ಟದ್ದು ಚಕ್ರದ ಒಳಬದಿ. ಎಡಗಡೆ ಎಲ್ಲ ಬಿಚ್ಚಿದ್ದೇನೆಂದು ತಿಳಿದು ಎಳೆಯಲು ಕೈಹಾಕಿದಾಗ, ಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯ ಹುಡುಗ, "ಅಣ್ಣಾ, ತಡೀರಿ, ಇಲ್ಲಿ ಇನ್ನೂ ಹಿಡ್ಕೊಂಡಿದೆ" ಎಂದು ಕೂಗಿದ. ಟಾರ್ಚ್ ಹಿಡಿದು ನೋಡಿದರೆ ತೋಟದ ದಾರಿಯ ಕೆಂಪು ಮಣ್ಣು ಒಣಗಿ ಗಾರೆಯಂತೆ ಮೆತ್ತಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೀರು ಹಾಕಿ ಉಜ್ಜಿದ ಮೇಲೆ ಅದರೊಳಗಿಂದ ಒಂದು ಸ್ಕ್ರೂವಿನ ತಲೆ ಕಾಣಿಸಿತು. ಬಂಪರ್ ಬರಲಿಲ್ಲವೆಂದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆಯೆಂದೇ ಅರ್ಥ, ಬಲ ಸಾಲಲಿಲ್ಲವೆಂದಲ್ಲ.

ಮೂಲೆಗಳನ್ನು ಮೊದಲು ಫೆಂಡರಿನಿಂದ ಪಕ್ಕಕ್ಕೆ ಬಿಡಿಸಿ, ಆಮೇಲೆ ಇಬ್ಬರೂ ಎರಡು ತುದಿ ಹಿಡಿದು ಮುಂದಕ್ಕೆ ಎಳೆಯಬೇಕು. ನೇರವಾಗಿ ಮುಂದಕ್ಕೇ ಎಳೆದರೆ ಮೂಲೆಯನ್ನು ಹಿಡಿದಿಡುವ ಬ್ರಾಕೆಟ್ಟಿನ ಕಿವಿ ಮುರಿಯುತ್ತದೆ. ಬಲಗಡೆ ನಡೆದಿದ್ದೂ ಅದೇ: ಮುರಿದ ಕಿವಿಯನ್ನು ಕಟ್ಟಡದ ಬೈಂಡಿಂಗ್ ವೈರಿನಿಂದ ಬಿಗಿದು, ತುದಿಯನ್ನು ಒಳಕ್ಕೆ ಮಡಚಿ ಮರೆಮಾಡಿದ್ದರು. ತುಕ್ಕು ಹಿಡಿದ ಆ ತಂತಿ ಬಣ್ಣವನ್ನು ಕೆರೆದು ಫೆಂಡರಿನ ತಗಡನ್ನು ತೋರಿಸಿತ್ತು. ಮುರಿದದ್ದಕ್ಕಿಂತ ಹೇಳದೆ ಮುಚ್ಚಿಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ.

ಬಂಪರನ್ನು ಕಂಬಳಿಯ ಮೇಲೆ ಮಲಗಿಸಿದಾಗ ಅದು ಬರೀ ಹೊದಿಕೆಯೆಂಬುದೂ, ಪೆಟ್ಟು ತಡೆಯುವ ಲೋಹದ ಅಡ್ಡಪಟ್ಟಿ ಹಿಂದೆ ಬೇರೆಯೇ ಇದೆಯೆಂಬುದೂ ಹುಡುಗನಿಗೆ ಅರ್ಥವಾಯಿತು. ಮುಂದೆ ಸ್ಟೀಲ್ ಗಾರ್ಡ್ ಹಾಕಿಸಿ ಎಂದು ಹಲವರು ಹೇಳುತ್ತಾರೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಅವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ, ಪಾದಚಾರಿಗಳಿಗೂ ಅವು ಅಪಾಯಕಾರಿ.

ವೈರಿಂಗ್ ವಿಷಯದಲ್ಲಿ ಒಂದೇ ಮಾತು: ರಿಲೇ ಇಲ್ಲದೆ ಹಾಕಬೇಡಿ. ಸಣ್ಣ ಸ್ವಿಚ್ಚಿನ ಸೂಚನೆಯಂತೆ ದೊಡ್ಡ ಕರೆಂಟನ್ನು ಬೇರೆ ದಾರಿಯಲ್ಲಿ ಹರಿಸುವ ಪುಟ್ಟ ಸಾಧನವದು. ತಲಾ 55 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ, ಅಷ್ಟನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ಹರಿಸಿದರೆ ಅದು ಬಿಸಿಯಾಗಿ ಕರಗುತ್ತದೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಕೂರಿಸಿ, ಅಲ್ಲಿಂದ ರಿಲೇಯಲ್ಲಿ 30 ಎಂದು ಬರೆದಿರುವ ಪಿನ್ನಿಗೆ, 87ರ ಪಿನ್ನಿನಿಂದ ದೀಪಗಳಿಗೆ ತಂತಿ ಎಳೆದೆ. ಸ್ವಿಚ್ಚಿನದು 86ಕ್ಕೆ, ಅರ್ಥಿಂಗ್ 85ಕ್ಕೆ.

ಬಲಗಡೆಗೆ ಹೊಸ ಬ್ರಾಕೆಟ್ ತಂದು ಕೂರಿಸುವ ಮುನ್ನ ಕೆರೆದ ಜಾಗಕ್ಕೆ ಪ್ರೈಮರ್ ಹಚ್ಚಿದೆ. ಸಂಜೆ ಎರಡು ಮೂಲೆಗಳನ್ನೂ ಅಂಗೈಯಿಂದ ಒತ್ತಿದಾಗ ಟಕ್ ಎಂದು ಕೂತವು. ಕತ್ತಲಾದ ಮೇಲೆ ಕಾಂಪೌಂಡ್ ಗೋಡೆಯೆದುರು ನಿಲ್ಲಿಸಿ, ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ತುಸು ಕೆಳಗೇ ಇರುವಂತೆ ಹೊಂದಿಸಿದೆ. ಮರುವಾರ ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಕವಿದಾಗ ಎಡಬದಿಯ ಬಿಳಿ ಗೆರೆ ತಿರುವಿನವರೆಗೂ ಕಾಣುತ್ತಿತ್ತು.