ಕೀರ್ತಿಮುಖದ ಉಂಗುರ: ಮೂರನೇ ವಾರ

ಬೆಳ್ಳಿಯ ಟ್ರಯಲ್ ಪೀಸ್ ಶನಿವಾರ ಕೈಗೆ ಬಂತು. ಬಲಗೆನ್ನೆ ಮೇಲೆ ಮೂರು ಗುಳಿ, ಸಿಡುಬಿನ ಕಲೆ ಹಾಗೆ. ಮೊದಲೇ ಚಿನ್ನಕ್ಕೆ ಕೈ ಹಾಕಲಿಲ್ಲವಲ್ಲ, ಬದುಕಿದೆ.

ಹಿಂದಿನದು ಓದದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮಾಡುತ್ತಿರುವುದು ಗಟ್ಟಿ ಚಿನ್ನದ ಉಂಗುರ, 22 ಕ್ಯಾರೆಟ್. ಯೋಚನೆ ಹುಟ್ಟಿದ್ದು ದಾವಣಗೆರೆಯ ನಮ್ಮ ಮನೆಯ ದೇವರ ಗೂಡಿನಲ್ಲಿ. ಹಬ್ಬಕ್ಕೆ ಹಿತ್ತಾಳೆ ಪ್ರಭಾವಳಿಯನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ನೆತ್ತಿಯಲ್ಲಿ ಆ ಕೀರ್ತಿಮುಖ: ಉಬ್ಬುಗಣ್ಣು, ಕೋರೆಹಲ್ಲು, ಕೆಳದವಡೆಯೇ ಇಲ್ಲ. ಬಾಯಿಯ ಎರಡೂ ಕಡೆಯಿಂದ ಬಳ್ಳಿ ಇಳಿದು ಕಮಾನಾಗಿದೆ. ಇದನ್ನೇ ಬೆರಳಿಗೆ ಸುತ್ತಿದರೆ ಉಂಗುರ, ಅಲ್ವಾ?

ಕಥೆಯೂ ನನಗೆ ಇಷ್ಟ. ಪಾರ್ವತಿಯನ್ನು ಒಪ್ಪಿಸು ಅಂತ ಕೇಳಲು ಜಲಂಧರ ರಾಹುವನ್ನು ಶಿವನ ಹತ್ತಿರ ಕಳಿಸುತ್ತಾನೆ. ಶಿವನ ಸಿಟ್ಟಿನಿಂದ ಒಂದು ಹಸಿದ ಭೂತ ಎದ್ದು ರಾಹುವನ್ನು ನುಂಗಲು ಹೋಗುತ್ತದೆ. ರಾಹು ಶರಣಾಗಿ ಬಚಾವಾದ. ಹಸಿವು? ನಿನ್ನನ್ನೇ ತಿನ್ನು ಅಂದನಂತೆ ಶಿವ. ಅದು ಕೈಕಾಲಿನಿಂದ ಶುರುಮಾಡಿ ಮುಖ ಒಂದು ಬಿಟ್ಟು ಎಲ್ಲ ತಿಂದು ಮುಗಿಸಿತು. ಅಂದಿನಿಂದ ಅದಕ್ಕೆ ಶಿವನ ಬಾಗಿಲ ಕಾವಲು.

ಕೆತ್ತಿದ್ದು ನೀಲಿ ಮೇಣದಲ್ಲಿ, ಮುಖದ ಅಗಲ 14 ಮಿಲಿಮೀಟರ್. ಹಲ್ಲಿನ ಡಾಕ್ಟರು ಬಳಸಿ ಬಿಟ್ಟ ಕಡ್ಡಿಗಳೇ ನನ್ನ ಉಳಿ. ಮೊದಲ ಎರಡು ಮುಖ ನಗುತ್ತಿದ್ದವು. ಕಾವಲುಗಾರ ಹೋಗಲಿ, ಬೆಣ್ಣೆದೋಸೆ ತಿಂದು ಎದ್ದವನ ಹಾಗಿತ್ತು. ಹುಬ್ಬಿಗೆ ಗೆರೆ ಜಾಸ್ತಿ ಮಾಡಿದೆ, ಉಪಯೋಗ ಆಗಲಿಲ್ಲ. ಕೊನೆಗೆ ಬಸ್ ಹತ್ತಿ ಹರಿಹರಕ್ಕೆ ಹೋದೆ. ಹರಿಹರೇಶ್ವರನ ಗುಡಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅಲ್ಲಿ ಕಲ್ಲಿನ ಕೆಲಸ ನೋಡುತ್ತಾ ಸುಮ್ನೆ ಕೂತೆ. ಬಿಸಿಲು ವಾಲಿದಾಗ ಹೊಳೆಯಿತು. ಆ ಶಿಲ್ಪಿಗಳು ಕೆತ್ತಿದ್ದು ಗೆರೆಯನ್ನಲ್ಲ, ನೆರಳನ್ನು. ಮನೆಗೆ ಬಂದು ಹುಬ್ಬಿನ ಕೆಳಗೆ ಪೂರ್ತಿ ಒಂದು ಮಿಲಿಮೀಟರ್ ಆಳ ತೆಗೆದೆ. ನಗು ಹೋಯಿತು.

ಇನ್ನು ಗುಳಿಯ ವಿಷಯ. ಮೇಣ ಕರಗಿಹೋದ ಜಾಗಕ್ಕೆ ಕಾದ ಲೋಹ ಹರಿದು ಬರುವ ದಾರಿಗೆ ಕಾಲುವೆ ಅನ್ನುತ್ತೇವೆ, ಉಂಗುರದಲ್ಲಿ ಬೆರಳನ್ನು ಸುತ್ತುವ ಪಟ್ಟಿಗೆ ಬಳೆ. ಎರಕ ಹಾಕಿಕೊಡುವ ಪತ್ತಾರಜ್ಜ ಉಂಗುರವನ್ನು ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ನೋಡಿದರು.

"ತಮ್ಮಾ, ಕಾಲುವೆ ಎಲ್ಲಿ ಇಟ್ಟಿದ್ದಿ?"

"ಕೆಳಗೆ ಅಜ್ಜಾರೇ, ಬಳೆ ಹತ್ರ."

"ಅಲ್ಲೇ ತಪ್ಪಿದ್ದು. ತೆಳ್ಳಗಿದ್ದದ್ದು ಮೊದ್ಲು ಗಟ್ಟಿ ಆಗ್ತತಿ. ದಪ್ಪಗಿದ್ದದ್ದು ಆಮೇಲೆ ಕುಗ್ಗುವಾಗ ಎಲ್ಲಿಂದ ಕುಡೀಬೇಕು?"

ಗಟ್ಟಿ ಉಂಗುರದ ತೊಂದರೆಯೇ ಇದು. ಮುಖ ದಪ್ಪ, ಬಳೆ ತೆಳು. ಈ ಸಲ ಕಾಲುವೆಯನ್ನು ನೆತ್ತಿಯ ಹಿಂದೆ, ಎಲ್ಲಕ್ಕಿಂತ ದಪ್ಪ ಇರುವ ಕಡೆ ಅಂಟಿಸಿದ್ದೇನೆ. ಕತ್ತರಿಸಿದ ಗುರುತು ಅರ ಹಾಕಿದರೆ ಹೋಗುತ್ತದೆ.

ಅಜ್ಜ ಇನ್ನೊಂದು ತಪ್ಪೂ ಹಿಡಿದರು. ನಾನು ಮುಖವನ್ನು ನನಗೆ ನೇರವಾಗಿ ಕಾಣುವ ಹಾಗೆ ಕೂರಿಸಿದ್ದೆ. "ಬಾಗ್ಲಾಗೆ ಕಾವಲು ನಿಂತೋನು ಮನಿ ಒಳಗೆ ಮುಖ ಮಾಡ್ತಾನೇನು?" ಸರಿಯಾದ ಮಾತು. ತಿರುಗಿಸಿದೆ. ಈಗ ಬಾಯಿ ಉಗುರಿನ ಕಡೆ, ನೆತ್ತಿ ಮಣಿಕಟ್ಟಿನ ಕಡೆ. ಎದುರಿಗಿದ್ದವರನ್ನು ಗುರಾಯಿಸುತ್ತದೆ, ನನಗೆ ತಲೆಕೆಳಗು.

ಹೊಸ ಮೇಣದ ತೂಕ 0.8 ಗ್ರಾಂ. 22 ಕ್ಯಾರೆಟ್‌ಗೆ ಹೆಚ್ಚುಕಡಿಮೆ 18 ಪಟ್ಟು ಹಿಡಿದರೆ 14.4 ಗ್ರಾಂ. ಕಾಲುವೆ ತುಂಬಲು ಬೇಕಾದ್ದು ಬೇರೆ. ಅದೇನೋ ಆಮೇಲೆ ವಾಪಸ್ ಸಿಗುತ್ತದೆ. ನನ್ನ ಹತ್ತಿರ ಇರುವುದು ಹಳೆಯ ಎರಡು ಉಂಗುರ, ಒಟ್ಟು 13 ಗ್ರಾಂ. ಮುಖದ ಹಿಂಭಾಗ ಟೊಳ್ಳು ಮಾಡು, ಯಾರಿಗೆ ಕಾಣುತ್ತದೆ ಅಂತ ಗೆಳೆಯರೊಬ್ಬರು ಅಂದರು. ನನಗೆ ಕಾಣುತ್ತದಲ್ಲ! ಅದರ ಬದಲು ಬಳೆಯನ್ನೇ ತೆಳುಮಾಡುತ್ತಿದ್ದೇನೆ. ನಿನ್ನೆ ರಾತ್ರಿ ಕೆರೆದು ಕೆರೆದು ಮೇಣವನ್ನು 0.74 ಗ್ರಾಂಗೆ ತಂದಿದ್ದೇನೆ. ಕಾಲುವೆಗೆ ಕಡಿಮೆ ಬೀಳುವ ಚಿನ್ನವನ್ನು ಎರಡು ದಿನದ ಮಟ್ಟಿಗೆ ತಾವೇ ಹಾಕುತ್ತೇನೆ ಅಂದಿದ್ದಾರೆ ಅಜ್ಜ. ಗುರುವಾರ ಎರಕ.