ಮೆಣಸು ಬಳ್ಳಿಯ ಅಡಿಯಲ್ಲಿ ಟೇಪು

ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದವರ ನೆನಪಿನಲ್ಲಿ ಮಳೆ, ಜಿಗಣೆ, ಸುತ್ತಳತೆಯ ಟೇಪು ಈ ಮೂರೂ ಒಟ್ಟಿಗೇ ಇರುತ್ತವೆ. ಕಾಲೇಜು ಇನ್ನೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದಾಗ, 2007ರಲ್ಲಿ, ಕ್ಯಾಫ್‌ನೆಟ್ ಯೋಜನೆ ಶುರುವಾಯಿತು. ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆ ಸಿರಾಡ್, ಪುದುಚೇರಿಯ ಫ್ರೆಂಚ್ ಸಂಸ್ಥೆ, ಕೋಸ್ಟರಿಕದ ಕಾಟಿಯೆ ಸಂಸ್ಥೆಗಳು ಅದರಲ್ಲಿದ್ದವು. ಕೊಡಗಿನ ನೆರಳು ಕಾಫಿಯನ್ನು ಮಧ್ಯ ಅಮೆರಿಕ, ಪೂರ್ವ ಆಫ್ರಿಕದ ತೋಟಗಳ ಪಕ್ಕದಲ್ಲಿಟ್ಟು ನೋಡುವ ಕೆಲಸ ಅದು. ಇಂಥ ಸಹಭಾಗಿತ್ವ ನಿಲ್ಲುವುದು ಒಪ್ಪಂದಪತ್ರದ ಮೇಲಲ್ಲ, ಎಲ್ಲರೂ ಒಂದೇ ರೀತಿ ಅಳೆಯುವುದರ ಮೇಲೆ.

ಮರದ ಸುತ್ತಳತೆ ತೆಗೆಯುವ ಎತ್ತರ, ಅಂದರೆ ಎದೆಮಟ್ಟ, ನಮ್ಮಲ್ಲಿ 1.37 ಮೀಟರ್, ಯುರೋಪಿನವರಿಗೆ 1.3. ಏಳು ಸೆಂಟಿಮೀಟರ್ ತಾನೇ ಎನ್ನಬೇಡಿ. ಮೊದಲ ವರ್ಷ ಒಬ್ಬರು ಕೆಳಗೆ, ಎರಡು ವರ್ಷ ಬಿಟ್ಟು ಇನ್ನೊಬ್ಬರು ಮೇಲೆ ಅಳೆದರೆ, ಬುಡ ಅಗಲವಿರುವ ಮರ ಕಾಗದದಲ್ಲಿ ಸಣಕಲಾಗುತ್ತದೆ! ಆದ್ದರಿಂದ ಅಳೆದ ಜಾಗದಲ್ಲೇ ಬಣ್ಣದ ಗೆರೆ ಎಳೆಯಬೇಕು. ಸಂಖ್ಯೆಯ ಬಿಲ್ಲೆಯ ಮೊಳೆ ಆ ಗೆರೆಯ ಮೇಲೆ ಬೇಡ, ಗಾಯ ಊದಿಕೊಂಡು ಮುಂದಿನ ಅಳತೆ ಕೆಡುತ್ತದೆ. ಇಳಿಜಾರಿನಲ್ಲಿ ಮರದ ಮೇಲುಬದಿಗೆ ನಿಂತು ಎತ್ತರ ಹಿಡಿಯಬೇಕು.

ಕೊಡಗಿನದೇ ತೊಡಕು ನೆರಳುಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಅದನ್ನೂ ಸೇರಿಸಿ ಟೇಪು ಸುತ್ತಿದರೆ ಬಳ್ಳಿಯ ದಪ್ಪವೂ ಮರದ ಲೆಕ್ಕಕ್ಕೆ ಬರುತ್ತದೆ. ಎಳೆ ಬಳ್ಳಿಯಾದರೆ ಅದರಡಿಯಲ್ಲಿ ಟೇಪು ತೂರಿಸಬಹುದು. ಬೇರು ಬಿಟ್ಟು ಕಚ್ಚಿಕೊಂಡ ಹಳೆಯ ಬಳ್ಳಿಯನ್ನು ಕಿತ್ತರೆ ಬೆಳೆಗಾರರ ಫಸಲಿಗೇ ಪೆಟ್ಟು. ಅಲ್ಲಿ ಕ್ಯಾಲಿಪರ್ ಹಿಡಿದು, ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ವ್ಯಾಸ ತೆಗೆದು ಸರಾಸರಿ ಮಾಡುವುದೇ ಸರಿ.

ಮರ ಎಣಿಸಲು ಗುರುತು ಮಾಡುವ ಚೌಕ, ಅಂದರೆ ಪ್ಲಾಟು, ಹಾಕುವಾಗಲೂ ಎಚ್ಚರ ಬೇಕು. 30 ಡಿಗ್ರಿ ಇಳಿಜಾರಿನಲ್ಲಿ ಸಮತಲದ 20 ಮೀಟರ್‌ಗೆ ನೆಲದ ಮೇಲೆ 23.1 ಮೀಟರ್ ಹಗ್ಗ ಬೇಕು. 20ಕ್ಕೇ ನಿಲ್ಲಿಸಿದರೆ 400 ಚದರ ಮೀಟರ್ ಎಂದುಕೊಂಡ ಪ್ಲಾಟು 346ಕ್ಕೆ ಇಳಿಯುತ್ತದೆ, ಹೆಕ್ಟೇರಿಗೆ ಮರಗಳ ಲೆಕ್ಕ ಸುಳ್ಳೇ ಕಡಿಮೆಯಾಗುತ್ತದೆ.

ಮರಗಳ ಹೆಸರುಗಳದ್ದು ಇನ್ನೊಂದು ಫಜೀತಿ. ಹಾಳೆಯಲ್ಲಿ ಬರೀ ‘ಧೂಪ’ ಎಂದಿದ್ದರೆ ಅದು ವಟೇರಿಯಾ ಇಂಡಿಕಾ ಆಗಿರಬಹುದು, ಕೆನೇರಿಯಂ ಸ್ಟ್ರಿಕ್ಟಂ ಎಂಬ ರಾಳಧೂಪವೂ ಆಗಿರಬಹುದು. ಎರಡರ ಕುಟುಂಬವೇ ಬೇರೆ. ಅನುಮಾನವಿದ್ದಲ್ಲಿ ಹೂವೋ ಕಾಯೋ ಇರುವ ರೆಂಬೆ ತರಬೇಕು. ಮಳೆಗಾಲದಲ್ಲಿ ಅದು ಬೂಷ್ಟು ಹಿಡಿಯದಿರಲು ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಸ್ಪಿರಿಟ್ ಸುರಿದು, ಗಾಳಿಯಾಡದಂತೆ ಪಾಲಿಥೀನ್ ಚೀಲದಲ್ಲಿ ಕಟ್ಟಬೇಕು. ಒಣಗಿಸುವುದನ್ನು ಕಾಲೇಜಿಗೆ ಬಂದ ಮೇಲೆ ನೋಡಿಕೊಳ್ಳಬಹುದು.

ಹೊರನಾಡಿನ ಮರವಾದ ಸಿಲ್ವರ್ ಓಕ್ ಕಾಫಿ ತೋಟಗಳಲ್ಲಿ ಏಕೆ ಹೆಚ್ಚುತ್ತಿದೆ ಎಂದು ಹೊರಗಿನಿಂದ ಬಂದವರೆಲ್ಲ ಕೇಳುತ್ತಾರೆ. ಬೇಗ ಬೆಳೆಯುತ್ತದೆ, ನೆಟ್ಟಗಿರುತ್ತದೆ, ಮೆಣಸಿಗೆ ಒಳ್ಳೆಯ ಆಸರೆ, ಎಲ್ಲಕ್ಕಿಂತ ಮುಖ್ಯವಾಗಿ ಕಡಿಯಲು ಸುಲಭ. ಬೀಟೆ, ಹೊನ್ನೆ ಕಡಿಯಬೇಕೆಂದರೆ ಅನುಮತಿಗೆ ಅಲೆಯಬೇಕು. ಈ ಕಾನೂನಿನ ಗಂಟನ್ನು ಬಿಟ್ಟು ‘ಸ್ಥಳೀಯ ಮರ ಬೆಳೆಸಿ’ ಎಂದು ಬೆಳೆಗಾರರಿಗೆ ಹೇಳುವುದು ನ್ಯಾಯವಲ್ಲ.

ಇನ್ನು ಸಹಭಾಗಿ ಸಂಸ್ಥೆಗಳ ನಡುವಿನ ಬೀಜ ವಿನಿಮಯ. ವಟೇರಿಯಾದ ದಪ್ಪ ಬೀಜ ಒಣಗಿತೆಂದರೆ ಸತ್ತಿತು, ಶೀತಲ ಕೋಣೆಯೂ ಉಳಿಸದು. ಅದನ್ನು ಪಾರ್ಸೆಲ್ ಮಾಡುವ ಆಸೆ ಬಿಟ್ಟು, ಮರದಡಿ ಆಯ್ದು ಕೆಲವೇ ದಿನಗಳಲ್ಲಿ ನೇರ ಚೀಲದ ಮಣ್ಣಿಗೆ ಊರಬೇಕು. ದೂರದ ಗೆಳೆಯರಿಗೆ ಕಳಿಸಬಹುದಾದದ್ದು ಊರಿದ ದಿನ, ಮೊಳೆತ ದಿನ, ಸತ್ತ ಸಸಿಗಳ ಎಣಿಕೆ ಇರುವ ನರ್ಸರಿ ಪುಸ್ತಕದ ಪ್ರತಿ.